ಬಾವಿ ಹಗ್ಗದ ಹೆರಿಟೇಜ್

ಮಾರಾಯ್ರೆ, ಇವತ್ತಿನದ್ದು ಕೇಳಿ. ಆಲಂಕಾರಿನಲ್ಲಿರುವ ನಮ್ಮ ಅಜ್ಜನ ಕಾಲದ ಮರದ ಮನೆಯ ಉಪ್ಪರಿಗೆ ಮೆಟ್ಟಿಲಿಗೆ ಗೆದ್ದಲು ಹಿಡಿದಿದೆ. ನನ್ನ ಹೆತ್ತ ಉಮ್ಮನಿಗೆ ವಯಸ್ಸಾಗಿದೆ, ಅವರ ಕೋಣೆ ಮೇಲೆಯೇ ಇರುವುದು. ಹೊಸ ಮೆಟ್ಟಿಲು ಹೇಗಿರಬೇಕೆಂದು ಕೇಳಲು ಬೆಂಗಳೂರಿನ ಡಿಸೈನರ್ ಒಬ್ಬರನ್ನು ಕರೆಸಿದ್ದೆ.

ಮೆಟ್ಟಿಲ ಬದಿಯಲ್ಲಿ ನೇತಾಡುವ ಹಗ್ಗ ನೋಡಿ ಅವರಿಗೆ ರೋಮಾಂಚನ. "ವಾವ್, ಹಿಂದಿನವರು ಇದನ್ನೇ ಹಿಡಿದು ಹತ್ತುತ್ತಿದ್ರು! ಹೊಸದಕ್ಕೂ ಹಗ್ಗವೇ ಇರಲಿ."

"ಸರ್, ಅದು ಬಾವಿ ಹಗ್ಗ. ರೇಲಿಂಗ್ ಮುರಿದ ಮೇಲೆ ಹೋದ ತಿಂಗಳು ನಾನೇ ಕಟ್ಟಿದ್ದು."

"ಪರವಾಗಿಲ್ಲ, ಭಾವನೆ ಹಳೆಯದು."

ಇವರನ್ನು ನನ್ನ ಅಂಗಡಿಯಲ್ಲಿ ಕೂರಿಸಿದರೆ ಮೆತ್ತಗಾದ ಬಿಸ್ಕುಟೂ ಖರ್ಚಾದೀತು.

ರೇಲಿಂಗ್ ಬೇಕೇ ಬೇಕು ಎಂದೆ. "ರೇಲಿಂಗ್ ಹಾಕಿದ್ರೆ ಈ ಮನೆಯ ಜೀವಾನೇ ಹೋಗ್ಬಿಡುತ್ತೆ" ಎಂದರು.

ಎಲೆ ಅಡಿಕೆ ಜಗಿಯುತ್ತಿದ್ದ ಉಮ್ಮ ತಲೆ ಎತ್ತಿ, ಅವರನ್ನೂ ಮಗನೆಂದೇ ಕರೆದು ಹೇಳಿದರು. "ಹಾಕದಿದ್ದರೆ ನನ್ನದು ಹೋಗ್ತದೆ, ಮೋನೆ."

ರೇಲಿಂಗ್ ಅಲ್ಲಿಗೇ ಪಾಸಾಯಿತು. ಹೊರಡುವಾಗ ಡಿಸೈನರ್, ಆಫೀಸಿನ ಗೋಡೆಗೆ ಆ ಹಗ್ಗ ಕೊಡ್ತೀರಾ ಎಂದು ಕೇಳಿದರು. ಮೆಟ್ಟಿಲು ಮಾಡುವ ಆಚಾರಿ ಬರುವವರೆಗೆ ಉಮ್ಮ ಹತ್ತುವುದು ಅದನ್ನೇ ಹಿಡಿದಲ್ವಾ, ಹೇಗೆ ಕೊಡುದು? ಬಾವಿಕಟ್ಟೆಗೆ ಹೋಗಿ, ನೀರು ಸೇದುವ ಕೊಡಪಾನಕ್ಕೆ ಕಟ್ಟಿದ್ದ ಪಾಚಿ ಹಿಡಿದ ಇನ್ನೊಂದು ಹಗ್ಗವನ್ನು ಬಿಚ್ಚಿ ಕೊಟ್ಟೆ. "ಇದು ಅದಕ್ಕಿಂತ ಹಳತು ಸರ್."

ಅವರ ಕಣ್ಣು ತುಂಬಿತು. ನನಗೆ ಕೊಡಪಾನವನ್ನೂ ಕೊಡಬಹುದಿತ್ತು ಅನಿಸಿತು.