ಆರಾಗಿ ಕಾಣುತ್ತಿದ್ದ ಎಂಟು

ಆ ಹನ್ನೊಂದು ದಿನವೂ ಬೆಳಗ್ಗೆ ರೇಡಿಯೊ ಮುಂದೆ ಕೂತಿದ್ದೆ ಎಂದು ಕೇಳಿದವರಿಗೆಲ್ಲ ಹೇಳಿದ್ದೇನೆ. ಈಗ ಅದನ್ನೇ ಬರೆಯಲು ಹೊರಟರೆ ಕೈ ನಿಲ್ಲುತ್ತದೆ. ಕೂತಿದ್ದೆನೇ? ಹನ್ನೊಂದೂ ದಿನವೇ? ಕುರ್ಚಿ ನೆನಪಿದೆ. ಹೆಗಲ ಮೇಲಿನ ಶಾಲು ನೆನಪಿದೆ. ಹೆಡ್‌ಫೋನ್ ಕಿವಿಗೆ ತಣ್ಣಗೆ ತಾಗಿದ್ದೂ ನೆನಪಿದೆ. ಆದರೆ ಇವನ್ನೆಲ್ಲ ಯಾವುದೋ ಒಂದೇ ಬೆಳಗಿನಿಂದ ತೆಗೆದು ಹನ್ನೊಂದು ದಿನಕ್ಕೂ ಹಂಚಿಕೊಂಡಿರಬಹುದು. ನಾನು ಭೌತಶಾಸ್ತ್ರದ ಮೇಷ್ಟ್ರು. ಒಂದೇ ಅಳತೆ ತೆಗೆದು ಉಳಿದದ್ದನ್ನು ಊಹಿಸಿ ಗ್ರಾಫ್ ಎಳೆದ ಹುಡುಗರಿಗೆ ಸೊನ್ನೆ ಹಾಕಿದವನು.

ಮೊದಲು ಸೆಟ್ಟಿನ ವಿಷಯ ಹೇಳಬೇಕು. ಅದು ಹ್ಯಾಮ್ ರೇಡಿಯೊ ಸೆಟ್. ಲೈಸೆನ್ಸ್ ಪಡೆದು ಹವ್ಯಾಸಕ್ಕಾಗಿ ಗಾಳಿಯಲ್ಲಿ ಮಾತಾಡಿಕೊಳ್ಳುವ ನಮ್ಮಂಥವರು ಇಟ್ಟುಕೊಳ್ಳುವಂಥದ್ದು. ಕೇಳುವುದು, ಕಳಿಸುವುದು ಎರಡೂ ಒಂದೇ ಡಬ್ಬಿಯಲ್ಲಿ. ನನ್ನ ಕೈಗೆ ಬರುವ ಹೊತ್ತಿಗೇ ಅದು ಇಬ್ಬರನ್ನು ಕಂಡಿತ್ತು, ಈಗ ಅದರ ವಯಸ್ಸು ನಲವತ್ತರ ಆಸುಪಾಸು. ಮುಂದೆ ಒಂದು ಗಾಜಿನ ಪಟ್ಟಿ, ಅದರೊಳಗೆ ಹಸಿರು ನೀಲಿ ಬೆಳಕಿನ ಅಂಕಿಗಳು. ನಾವು ಯಾವ ಫ್ರೀಕ್ವೆನ್ಸಿಯಲ್ಲಿದ್ದೇವೆ ಎಂದು ತಿಳಿಯಲು ಆ ಅಂಕಿಗಳ ಹೊರತು ಬೇರೆ ದಾರಿಯಿಲ್ಲ. ಗುಂಡಿ ತಿರುಗಿಸುತ್ತ ಹೋದರೆ ಅಂಕಿ ಏರುತ್ತದೆ, ಇಳಿಯುತ್ತದೆ. ಅಂಕಿ ಸುಳ್ಳು ಹೇಳಿದರೆ ನಾವು ಇರುವ ಜಾಗವೂ ಸುಳ್ಳು.

ಆ ಗಾಜಿನ ಕಾಯಿಲೆ ಮೊದಲು ಕಂಡುಹಿಡಿದವರು ಅಣ್ಣ. ಒಡಹುಟ್ಟಿದ ಅಣ್ಣನಲ್ಲ. ತ್ಯಾಮಗೊಂಡ್ಲಿನವರು, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು, ನನಗಿಂತ ಹದಿನೈದು ವರ್ಷ ದೊಡ್ಡವರು. ನಾನು ಎಂ.ಎಸ್ಸಿ. ಮುಗಿಸುತ್ತಿದ್ದಾಗ ಟಕಟಕ ಸದ್ದಿನಲ್ಲೇ ಅಕ್ಷರ ಕಳಿಸುವ ಮೋರ್ಸ್ ನನಗೆ ಕಲಿಸಿದವರು ಅವರೇ. ಅವರದು ಎಸ್ಸೆಸ್ಸೆಲ್ಸಿ. ಅದನ್ನು ಅವರೂ ಮರೆಯಲಿಲ್ಲ, ನನಗೂ ಮರೆಯಲು ಬಿಡಲಿಲ್ಲ.

ಒಂದು ಸಂಜೆ ದೊಡ್ಡಬಳ್ಳಾಪುರದ ನಮ್ಮ ಮನೆಗೆ ಬಂದವರು ಕನ್ನಡಕ ಹಣೆಗೇರಿಸಿಕೊಂಡು ಸೆಟ್ಟಿನ ಮುಂದೆ ಬಗ್ಗಿದರು.

"ಏನಪ್ಪಾ ಎಮ್ಮೆಸ್ಸಿ, ನಿನ್ ಸೆಟ್ಟಿಗೆ ಪೊರೆ ಬಂದೈತೆ ಕಣೋ."

"ಆಪರೇಷನ್ ಮಾಡಿಸೋಣ ಬಿಡಿ ಅಣ್ಣ."

"ಕಣ್ಣು ಎಲ್ಲಿಂದ ತರ್ತೀಯ? ಈ ಗಾಜು ಬರೋದು ನಿಂತು ಯಾವ ಕಾಲ ಆಯ್ತೋ. ಉರಿದಷ್ಟೂ ಸವೀತೈತೆ. ಬೇಕಾದಾಗ ಮಾತ್ರ ಹಾಕು, ಮುಗಿದ ತಕ್ಷಣ ಆರ್ಸು."

ಅದರ ಮುಂದಿನ ಚಳಿಗಾಲಕ್ಕೆ ಹತ್ತರ ಸ್ಥಾನದ ಅಂಕಿ ಕೈಕೊಟ್ಟಿತು. ಅಲ್ಲಿನ ಪ್ರತಿ ಅಂಕಿಯೂ ಏಳು ಪುಟ್ಟ ಗೆರೆಗಳಿಂದ ಆಗುತ್ತದೆ. ಸೆಟ್ ತಣ್ಣಗಿದ್ದಾಗ ಆ ಅಂಕಿಯ ಬಲಗಡೆ ಮೇಲಿನ ಗೆರೆ ಹತ್ತುತ್ತಿರಲಿಲ್ಲ. ಆ ಒಂದು ಗೆರೆ ಇಲ್ಲದಿದ್ದರೆ 8 ನೋಡಲು 6 ಆಗುತ್ತದೆ, 9 ನೋಡಲು 5 ಆಗುತ್ತದೆ. ಮುಕ್ಕಾಲು ಗಂಟೆ ಉರಿದು ಡಬ್ಬಿ ಬೆಚ್ಚಗಾದರೆ ಗೆರೆ ತಾನಾಗಿ ಎದ್ದು ಬರುತ್ತಿತ್ತು. ಅಣ್ಣ ಬಿಚ್ಚಿ ನೋಡಿದರು, ಬೆಸುಗೆ ಹಾಕಿದರು, ಮತ್ತೆ ಮುಚ್ಚಿದರು. ಏನೂ ಆಗಲಿಲ್ಲ.

"ನೋಡು, ಯಾವಾಗ್ಲೂ ಕೆಳಗಿಂದ ಹತ್ತು," ಎಂದರು. "ಮೊದ್ಲು ಸಿಗೋ ಆರೇ ನಿಜವಾದ ಆರು. ಮೇಲಿಂದ ಇಳಿದ್ಯೋ, ಎಂಟೇ ಆರಿನ ವೇಷ ಹಾಕ್ಕೊಂಡು ಸಿಗ್ತೈತೆ. ತಿಳೀತಾ?"

"ತಿಳೀತು ಗುರುವೇ."

"ತಿಳಿಯೋದು ಬೇರೆ, ಮಾಡೋದು ಬೇರೆ. ಎಮ್ಮೆಸ್ಸಿಗಳಿಗೆ ತಿಳೀತೈತೆ ಅಷ್ಟೇ."

ಈ ಮಾತು ಆಡಿದಾಗಲೇ ಅವರ ಗಂಟಲು ಒಡೆದಿತ್ತೇ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ನನಗೆ ನೆನಪಿರುವ ದನಿ ಒರಟಾಗಿದೆ. ಆದರೆ ಆಮೇಲೆ ಕೇಳಿದ ಒರಟು ದನಿಯನ್ನೇ ಹಿಂದಕ್ಕೆ ಒಯ್ದು ಅಲ್ಲಿ ಕೂರಿಸಿದ್ದೇನೋ ಏನೋ. ಅಂತೂ ಆ ವರ್ಷ ಅವರಿಗೆ ಗಂಟಲಿನ ಕ್ಯಾನ್ಸರ್ ಎಂದು ತಿಳಿಯಿತು. ಧ್ವನಿಪೆಟ್ಟಿಗೆ ತೆಗೆಯಬೇಕೆಂದರು. ಕುತ್ತಿಗೆಯಲ್ಲಿ ಉಸಿರಾಟಕ್ಕೊಂದು ತೂತು ಬಿಟ್ಟು ಉಳಿದದ್ದನ್ನು ಹೊಲಿಯುತ್ತಾರಂತೆ.

ಆಸ್ಪತ್ರೆಗೆ ಸೇರುವ ಮುಂಚೆ ಅವರು ಫೋನ್ ಮಾಡಿದ್ದರು. ನಾನು ಅವರ ದನಿ ಕೇಳಿದ್ದು ಅದೇ ಕಡೆಯ ಸಲ.

"ಬಾಯಿ ಹೋದ್ರೇನಾಯ್ತು, ಕೈ ಐತಲ್ಲ. ನಿಮ್ಮತ್ತಿಗೆಗೆ ಸ್ಲೇಟು, ನಿನಗೆ ಮೋರ್ಸು. ಮನೆಗೆ ಬಂದ ಮಾರನೇ ದಿನದಿಂದ ಬೆಳಗ್ಗೆ ಆರು ಗಂಟೆಗೆ ಕೂತ್ಕೊಳ್ತೀನಿ. ಏಳು ಸಾವಿರದ ಅರವತ್ತು. ಅಲ್ಲಿ ಗಲಾಟೆ ಕಮ್ಮಿ. ಬರ್ತೀಯಾ?"

"ಬರ್ತೀನಿ ಅಣ್ಣ."

ಬೆಳಗಿನ ಆರು ಗಂಟೆಯನ್ನು ಅವರು ಆರಿಸಿದ್ದು ನನಗಾಗಿ. ನಮ್ಮ ಬೀದಿ ತುಂಬ ಪವರ್‌ಲೂಮ್. ಆರೂವರೆಗೆ ಮಗ್ಗಗಳು ಶುರುವಾದರೆ ಸೆಟ್ಟಿನಲ್ಲಿ ಬರೀ ಗರಗರ, ರಾತ್ರಿ ಅವು ನಿಲ್ಲುವ ತನಕ ಏನೂ ಕೇಳಿಸುವುದಿಲ್ಲ. ಹಾಗಾಗಿ ನನಗೆ ಸಿಗುತ್ತಿದ್ದದ್ದು ಆ ಅರ್ಧ ಗಂಟೆ ಮಾತ್ರ. ಗಾಜು ಸವೆಯಬಾರದೆಂದು ನಾನು ಸರಿಯಾಗಿ ಆರಕ್ಕೇ ಸೆಟ್ ಹಾಕುತ್ತಿದ್ದೆ, ಮಗ್ಗ ಹೊಡೆದುಕೊಳ್ಳಲು ಶುರುವಾದ ಕೂಡಲೇ ಆರಿಸುತ್ತಿದ್ದೆ. ಸೆಟ್ ಬೆಚ್ಚಗಾಗಲು ಬೇಕಾದಷ್ಟು ಹೊತ್ತು ಅದು ಒಂದು ದಿನವೂ ಉರಿಯಲಿಲ್ಲ. ಅಣ್ಣ ಹೇಳಿದ್ದನ್ನು ನಾನು ಚಾಚೂ ತಪ್ಪದೆ ಪಾಲಿಸಿದ್ದು ಬಹುಶಃ ಇದೊಂದನ್ನೇ.

ಅವರು ಮನೆಗೆ ಬಂದರೆಂದು ಅತ್ತಿಗೆಯಿಂದ ತಿಳಿದ ಮಾರನೇ ದಿನ, ಮೊದಲನೆಯ ಬೆಳಗ್ಗೆ, ಡಿಸೆಂಬರಿನ ಮಂಜು. ಗುಂಡಿ ತಿರುಗಿಸಿ 7060 ಕಂಡಲ್ಲಿ ನಿಲ್ಲಿಸಿದೆ. ಯಾವ ಕಡೆಯಿಂದ ತಿರುಗಿಸಿದೆ? ಇಷ್ಟು ಪುಟ ಬರೆಯುತ್ತಿರುವುದು ಈ ಒಂದು ಪ್ರಶ್ನೆಗಾಗಿ, ಅದಕ್ಕೇ ನನ್ನ ಬಳಿ ಉತ್ತರವಿಲ್ಲ. ಕೆಳಗಿಂದ ಹತ್ತಿದೆ ಎಂದು ಪ್ರಮಾಣ ಮಾಡಬಲ್ಲೆ. ಆದರೆ ಪ್ರಮಾಣ ಮಾಡುವುದು ಸುಲಭ. ಕೈಗೆ ನೆನಪಿರುವುದು ಗುಂಡಿಯ ತಂಪು ಮಾತ್ರ, ದಿಕ್ಕಲ್ಲ. ಒಮ್ಮೆ ನಿಲ್ಲಿಸಿದ ಮೇಲೆ ಮತ್ತೆ ಮುಟ್ಟಲೂ ಇಲ್ಲ. ದಿನಾ ಸ್ವಿಚ್ ಒತ್ತುವುದು, ಅದೇ ಜಾಗದಲ್ಲಿ ಅವರನ್ನು ಕರೆಯುವುದು, ಕಾಯುವುದು. ಬಸ್ ಸ್ಟಾಪಿನಲ್ಲಿ ನಿಂತವನು ಬಸ್ ಬರಲಿಲ್ಲವೆಂದು ಸ್ಟಾಪನ್ನೇ ಅನುಮಾನಿಸುವುದಿಲ್ಲವಲ್ಲ.

ಏನೂ ಬರಲಿಲ್ಲ. ಎರಡನೇ ದಿನವೂ ಇಲ್ಲ, ಮೂರನೇ ದಿನವೂ ಇಲ್ಲ. ಕಾರಣಗಳಿಗೆ ನನಗೇನು ಬರ? ಚಳಿಗಾಲದ ಬೆಳಗ್ಗೆ ವಾತಾವರಣದ ಮೇಲ್ಪದರ ಹತ್ತಿರದ ಊರಿನ ಅಲೆಗಳನ್ನು ಸರಿಯಾಗಿ ಹಿಂದಿರುಗಿಸುವುದಿಲ್ಲ. ಅವರ ಏರಿಯಲ್ ತಂತಿ ಎರಡು ತೆಂಗಿನ ಮರಗಳ ನಡುವೆ ಕಟ್ಟಿದ್ದು, ಗರಿ ಬಿದ್ದು ಹರಿದಿರಬಹುದು. ಎಲ್ಲಕ್ಕಿಂತ ಅನುಕೂಲದ ಕಾರಣ ಇನ್ನೊಂದಿತ್ತು. ಅವರಿಗಿನ್ನೂ ಎದ್ದು ಕೂರಲು ಆಗುತ್ತಿಲ್ಲ.

"ಗಾಡಿ ಹತ್ತಿ ಹೋಗಿ ಬರಬಾರ್ದಾ? ಒಂದು ಗಂಟೆ ದಾರಿ," ಎಂದಳು ನನ್ನ ಹೆಂಡತಿ.

"ಭಾನುವಾರ ಹೋಗ್ತೀನಿ."

"ಯಾವ ಭಾನುವಾರ ಅಂತ ಹೇಳಿ. ಕ್ಯಾಲೆಂಡರಲ್ಲಿ ಬರ್ಕೊಳ್ತೀನಿ."

ಭಾನುವಾರ ಬಂತು, ಹೋಯಿತು. ನಾನು ಹೋಗಲಿಲ್ಲ. ಆಸ್ಪತ್ರೆಗೂ ಹೀಗೇ ಹೋಗಿದ್ದೆ, ವಾರ್ಡಿನ ಬಾಗಿಲ ತನಕ. ಈಗ ನಿದ್ದೆ ಹತ್ತಿದೆ ಎಂದರು, ಎಬ್ಬಿಸಬೇಡಿ ಎಂದು ಹೇಳಿ ಬಂದುಬಿಟ್ಟೆ. ಆ ತೂತನ್ನು ನೋಡಲು ನನಗೆ ಧೈರ್ಯವಿರಲಿಲ್ಲ. ಮೋರ್ಸಿಗೆ ಮುಖವಿಲ್ಲ, ಕುತ್ತಿಗೆಯಿಲ್ಲ. ಅದರ ಟಕಟಕದಲ್ಲಿ ಅಣ್ಣ ಹಿಂದಿನ ಅಣ್ಣನೇ ಆಗಿರುತ್ತಿದ್ದರು. ಅವರು ತಮ್ಮ ಮಾತಿಗಾಗಿ ರೇಡಿಯೊ ಇಟ್ಟುಕೊಂಡರು, ನಾನು ಅವರನ್ನು ನೋಡದೆ ಇರುವುದಕ್ಕಾಗಿ ಇಟ್ಟುಕೊಂಡೆ. ಫೋನಾದರೂ ಮಾಡಬಹುದಿತ್ತು. ಮಾತಾಡಲಾರದವರ ಮನೆಗೆ ಫೋನ್ ಮಾಡಿ ಏನು ಕೇಳುವುದು ಎಂದುಕೊಂಡೆ.

ಹನ್ನೆರಡನೇ ದಿನ ಅಲ್ಲಿಂದಲೇ ಫೋನ್ ಬಂತು. ಕಫ ಕಟ್ಟಿ, ಜ್ವರ ಏರಿ, ಮೂರ್ನಾಲ್ಕು ದಿನಕ್ಕೇ ಮುಗಿದಿತ್ತು. ಹೋದೆ. ಕುತ್ತಿಗೆಗೆ ಬಿಳಿ ಟವೆಲ್ ಸುತ್ತಿದ್ದರು, ಅದರ ಮೇಲೆ ಹಾರ. ಕೊನೆಗೂ ನಾನು ನೋಡಲಿಲ್ಲ.

ತಿಥಿ ಮುಗಿದ ಮೇಲೆ ಅತ್ತಿಗೆ ನನ್ನನ್ನು ಒಳಗೆ ಕರೆದರು. ಕಿಟಕಿಯ ಪಕ್ಕದ ಮೇಜಿನ ಮೇಲೆ ಅವರ ಸೆಟ್, ಹಿತ್ತಾಳೆಯ ಮೋರ್ಸ್ ಕೀ, ಅದರ ಪಕ್ಕ ಸ್ಲೇಟು. ಏರಿಯಲ್ ತಂತಿ ಎಲ್ಲೂ ಹರಿದಿರಲಿಲ್ಲ.

"ನಿಮಗೆ ದಿನಾ ಕೇಳಿಸ್ತಿತ್ತಾ?" ಎಂದು ಕೇಳಿದರು.

ನಾನು ಇಲ್ಲ ಎಂದೆ.

"ಹಂಗಂತ ನಂಗೂ ಅನ್ನಿಸ್ತು. ದಿನಾ ಸ್ವೆಟರ್ ಹಾಕ್ಕೊಂಡು ಐದೂವರೆಗೇ ಕೂತ್ಬಿಡೋರು. ಟಕಟಕ ಅನ್ನೋರು, ಸುಮ್ನಾಗೋರು, ಮತ್ತೆ ಟಕಟಕ. ಜ್ವರದಲ್ಲೂ ಬಿಡ್ಲಿಲ್ಲ. ನಾನೇ ಫೋನ್ ಮಾಡ್ಲಾ ಅಂದೆ. ಬೇಡ, ಬರ್ತಾನೆ, ಅಂತ ಸ್ಲೇಟಲ್ಲಿ ಬರೆದ್ರು. ಆಮೇಲೆ ಒಂದಿನ ಹಣೆ ಬಡ್ಕೊಂಡು ನಕ್ರು ನೋಡಿ. ದನಿ ಇಲ್ಲ, ಬರೀ ಉಸಿರು. ಏನು ಅಂದ್ರೆ ಹೇಳ್ಲಿಲ್ಲ. ತಗೊಳ್ಳಿ, ಇದು ನಂಗೆ ಓದೋಕೆ ಬರಲ್ಲ."

ಕೊಟ್ಟದ್ದು ಅವರ ಲಾಗ್ ಪುಸ್ತಕ. ಯಾವಾಗ, ಎಲ್ಲಿ, ಯಾರನ್ನು ಕರೆದೆವು ಎಂದು ಹ್ಯಾಮ್‌ಗಳು ಬರೆದಿಡುವ ನೋಟ್‌ಬುಕ್. ಕೊನೆಯ ಪುಟದಲ್ಲಿ ಹನ್ನೊಂದು ಸಾಲು. ಎಂಟು ಸಾಲುಗಳಲ್ಲಿ ತಾರೀಖು, ಬೆಳಗಿನ ಆರು ಗಂಟೆ, 7060, ಗಾಳಿಯಲ್ಲಿ ನನ್ನ ಹೆಸರಾದ ಕರೆಸಂಕೇತ, ಕೊನೆಗೆ ಉತ್ತರ ಬರಲಿಲ್ಲ ಎಂಬುದಕ್ಕೊಂದು ಅಡ್ಡಗೆರೆ. ಒಂಬತ್ತನೇ ಸಾಲಿನಲ್ಲಿ 7060 ಇರಲಿಲ್ಲ, 7080 ಇತ್ತು. ಅಂಚಿನಲ್ಲಿ ಸೊಟ್ಟ ಅಕ್ಷರದಲ್ಲಿ ಕನ್ನಡದಲ್ಲಿ ಬರೆದಿದ್ದರು: "ಎಮ್ಮೆಸ್ಸಿ ಮೇಲಿಂದ ಇಳಿದವ್ನೆ." ಹತ್ತನೇ ದಿನವೂ 7080. ಹನ್ನೊಂದನೇ ದಿನವೂ 7080. ಮೂರು ಸಾಲಿನ ಕೊನೆಗೂ ಅದೇ ಅಡ್ಡಗೆರೆ.

ಮನೆಗೆ ಬಂದು ಸೆಟ್ ಹಾಕಿದೆ. ಗುಂಡಿ ಮುಟ್ಟಲಿಲ್ಲ. ಹೊರಗೆ ಮಗ್ಗಗಳು ಹೊಡೆದುಕೊಳ್ಳುತ್ತಿದ್ದವು, ಹೆಡ್‌ಫೋನ್ ಹಾಕಿಕೊಳ್ಳುವ ಹಾಗಿರಲಿಲ್ಲ. ಸುಮ್ಮನೆ ಅಂಕಿ ನೋಡುತ್ತ ಕೂತೆ. 7060. ಬಹಳ ಹೊತ್ತು ಹಾಗೇ ಇತ್ತು. ಆಮೇಲೆ ಆ ಒಂದು ಗೆರೆ ನಡುಗಿತು, ಆರಿತು, ಮತ್ತೆ ಹತ್ತಿಕೊಂಡು ನಿಂತಿತು. 7080.

ಇದೂ ಸಾಕ್ಷಿಯಲ್ಲ ಎಂದು ವಾದಿಸಿದ್ದೇನೆ, ನನ್ನ ಜೊತೆಗೇ. ನಡುವೆ ಯಾರೋ ಧೂಳು ಒರೆಸುವಾಗ ಗುಂಡಿ ತಿರುಗಿರಬಹುದು. ಆದರೆ ಅದನ್ನು ಒಪ್ಪಿಕೊಂಡರೂ ಒಂದು ಲೆಕ್ಕ ಕೂಡುತ್ತಿರಲಿಲ್ಲ. ನಾನು ಮೊದಲಿಂದಲೂ ತಪ್ಪು ಜಾಗದಲ್ಲಿದ್ದೆ ಎಂದಿಟ್ಟುಕೊಂಡರೆ, ಒಂಬತ್ತನೇ ದಿನ ಅಣ್ಣ ನನ್ನ ತಪ್ಪನ್ನು ಊಹಿಸಿ ಅದೇ ತಪ್ಪು ಜಾಗಕ್ಕೆ ಬಂದಿದ್ದರು. ಜ್ವರದ ಮೈಯಲ್ಲಿ ಮೂರು ಬೆಳಗ್ಗೆ ಅಲ್ಲಿ ಕೂತು ನನ್ನ ಹೆಸರು ಹಿಡಿದು ಕರೆದಿದ್ದರು. ನಾನು ಸೆಟ್ಟಿನ ಮುಂದೆ ಕೂತಿದ್ದಿದ್ದರೆ ಕೇಳಿಸಲೇಬೇಕಿತ್ತು.

ನನ್ನ ನೋಟ್‌ಬುಕ್ ತೆಗೆದೆ. ಎಂಟೇ ದಿನ ಬರೆದಿದ್ದೆ. ಏನೂ ಕೇಳಿಸದ ದಿನ ಬರೆಯದೆ ಬಿಡುವುದು ನನ್ನ ಅಭ್ಯಾಸವೇ ಎಂದು ಹೆಂಡತಿಗೆ ಹೇಳಿದೆ.

"ಎಂಟು ದಿನ ಏನೂ ಕೇಳಿಸದೆ ಬರೆದಿದ್ದೀರಲ್ಲ," ಎಂದಳು. ಸ್ವಲ್ಪ ತಡೆದು, "ಆ ವಾರ ನೀವು ವಾಕಿಂಗ್ ಶುರು ಮಾಡಿದ್ರಿ ಅಲ್ವಾ?"

"ಅದು ಜನವರಿಯಲ್ಲಿ."

"ಜನವರಿನಾ? ಇರಬಹುದು ಬಿಡಿ."

ಅವಳು ಇರಬಹುದು ಬಿಡಿ ಎಂದರೆ ಇಲ್ಲ ಎಂದರ್ಥ. ಆದರೂ ಆ ಜನವರಿಯನ್ನೇ ಹಿಡಿದುಕೊಂಡು ಮೂರು ವರ್ಷ ಕಳೆದೆ. ಹನ್ನೊಂದೂ ದಿನ ಕೂತಿದ್ದೆ, ಆದರೂ ಕೇಳಿಸಲಿಲ್ಲ, ಅವರ ಕೈ ಸೋತು ಸಿಗ್ನಲ್ ಹಾಳಾಗಿರಬೇಕು ಎಂದು ಹೇಳುತ್ತ ಬಂದೆ. ಅತ್ತಿಗೆಗೂ ಹಾಗೇ ಹೇಳಿದೆ. ಅವರು ನಂಬಿದರು.

ಸೆಟ್ ಇನ್ನೂ ಇದೆ. ಈಗ ಎಷ್ಟು ಬೆಚ್ಚಗಾದರೂ ಆ ಗೆರೆ ಏಳುವುದಿಲ್ಲ. ಉಳಿದ ಅಂಕಿಗಳೂ ಮಸುಕಾಗಿವೆ, ಹಗಲಲ್ಲಿ ಕೈ ಅಡ್ಡ ಹಿಡಿದು ಓದಬೇಕು. ಫ್ರೀಕ್ವೆನ್ಸಿ ತೋರಿಸುವ ಹೊಸ ಮೀಟರೊಂದನ್ನು ಹಿಂದೆ ಜೋಡಿಸಿಕೊಡುತ್ತೇನೆ ಎಂದು ಬೆಂಗಳೂರಿನ ಒಬ್ಬ ಹ್ಯಾಮ್ ಗೆಳೆಯ ಹೇಳಿದ. ಬೇಡ ಎಂದೆ. ನಾನು ಎಲ್ಲಿದ್ದೇನೆ ಎಂದು ತಿಳಿದುಕೊಂಡು ಇನ್ನು ಯಾರನ್ನು ಕರೆಯುವುದಿದೆ?

ಹೋದ ತಿಂಗಳು ಫೋನಿನಲ್ಲಿ ಜಾಗ ತುಂಬಿತು. ಹಳೆಯ ಫೋಟೊ ಅಳಿಸುತ್ತ ಕೂತಿದ್ದಾಗ ನಮ್ಮೂರಿನ ನಾಗರಕೆರೆಯದೊಂದು ಸಿಕ್ಕಿತು. ಮಂಜು, ನೀರಿನ ಅಂಚಿನಲ್ಲಿ ಒಂಟಿ ಬಕಪಕ್ಷಿ, ಮೂಲೆಯಲ್ಲಿ ನನ್ನ ಹೊಸ ವಾಕಿಂಗ್ ಶೂಗಳ ತುದಿ. ತೆಗೆದ ತಾರೀಖನ್ನು ನೋಡಿದೆ. ಎದ್ದು ಹೋಗಿ ಅಣ್ಣನ ಲಾಗ್ ಪುಸ್ತಕ ತಂದು ಪಕ್ಕದಲ್ಲಿಟ್ಟುಕೊಂಡು ಮತ್ತೊಮ್ಮೆ ನೋಡಿದೆ. ಅದು ಒಂಬತ್ತನೇ ಸಾಲಿನ ತಾರೀಖು, ಬೆಳಗ್ಗೆ ಆರು ಗಂಟೆ ಹನ್ನೊಂದು ನಿಮಿಷ.