ಬಿಸಿಯಲ್ಲೂ ಸಡಿಲಗೊಳ್ಳದ ಹಿಡಿತ

ಮಕ್ಕಳ ಆಟಿಕೆಯಿಂದ ಹಿಡಿದು ಆಸ್ಪತ್ರೆಯ ಉಸಿರಾಟದ ಯಂತ್ರದವರೆಗೆ ಎಷ್ಟೋ ಪುಟ್ಟ ಮೋಟಾರುಗಳ ಹೊಟ್ಟೆಯಲ್ಲಿ ವಿರಳ ಲೋಹಗಳಿಂದ ಮಾಡಿದ ಅಯಸ್ಕಾಂತವೊಂದು ಕುಳಿತಿರುತ್ತದೆ. ಅದನ್ನು ಮಾಡಿದವರು ಯಾರೆಂದು ಯಾರೂ ಕೇಳುವುದಿಲ್ಲ, ಪರೀಕ್ಷಿಸಿದವರ ನೆನಪಂತೂ ಯಂತ್ರ ಕೆಟ್ಟು ನಿಂತಾಗಲೇ ಬರುವುದು. ಅಂಥ ಪರೀಕ್ಷಾ ವಿಭಾಗವನ್ನು ಮೂರು ದಶಕ ನಡೆಸಿ, ನಮ್ಮ ಕಾರ್ಖಾನೆಯ ಮುದ್ರೆಗೆ ಮರ್ಯಾದೆ ತಂದುಕೊಟ್ಟ ಹಿರಿಯ ಲೋಹಶಾಸ್ತ್ರಜ್ಞೆ ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಅವರಿಗೆ ಉದ್ದನೆಯ ಹುದ್ದೆಯಿದೆ, ಅದಕ್ಕಿಂತ ಉದ್ದನೆಯ ವಿದ್ಯಾರ್ಹತೆಯೂ ಇದೆ. ಆದರೆ ಗೇಟಿನಿಂದ ಕ್ಯಾಂಟೀನಿನವರೆಗೆ ಎಲ್ಲರಿಗೂ ಅವರು ಬಾಣಲೆ ಮೇಡಂ.

ಈ ಬಿರುದು ಬಂದ ಬಗೆಯನ್ನು ಹೇಳಲೇಬೇಕು. ಅಯಸ್ಕಾಂತಕ್ಕೆ ಬಿಸಿ ಆಗಿಬರುವುದಿಲ್ಲ. ಕಾದರೆ ಅದರ ಹಿಡಿತ ಸಡಿಲವಾಗುತ್ತದೆ. ಮಿತಿಮೀರಿ ಕಾದರೆ ತಣ್ಣಗಾದ ಮೇಲೂ ಮೊದಲಿನ ಬಲ ಮರಳುವುದಿಲ್ಲ. ಆಗೆಲ್ಲ ನಮ್ಮಲ್ಲಿ ತಣ್ಣನೆಯ ಅಯಸ್ಕಾಂತವನ್ನೇ ಅಳೆದು ಕಳಿಸಿಬಿಡುತ್ತಿದ್ದರು. ಹೊಸದಾಗಿ ಸೇರಿದ ಮೇಡಂ ಕಾಯಿಸಿ ಅಳೆಯುವ ಉಪಕರಣ ಬೇಕೆಂದು ಕೇಳಿದರೆ, ಮುಂದಿನ ವರ್ಷ ನೋಡೋಣ ಎಂಬ ಉತ್ತರ ಬಂತು. ಅವರು ಮರುದಿನವೇ ಒಂದು ಕರೆಂಟ್ ಒಲೆ, ಎಣ್ಣೆಯ ಡಬ್ಬಿ ಮತ್ತು ಮನೆಯ ಕಬ್ಬಿಣದ ಬಾಣಲೆಯೊಂದಿಗೆ ಹಾಜರಾದರು. ಅಯಸ್ಕಾಂತಗಳನ್ನು ಎಣ್ಣೆಗೆ ಬಿಟ್ಟಿದ್ದೇ ತಡ, ಅವು ಬಾಣಲೆಯ ತಳಕ್ಕೆ ಕಚ್ಚಿಕೊಂಡು ಕುಳಿತವು. ಇಷ್ಟೆಲ್ಲ ಓದಿದವರಿಗೆ ಬಾಣಲೆ ಕಬ್ಬಿಣದ್ದೆಂಬುದು ಹೊಳೆದಿರಲಿಲ್ಲ. ವಿಭಾಗದವರೆಲ್ಲ ಸೇರಿ ಮರದ ತುಂಡಿನಿಂದ ಅವನ್ನು ಮೀಟಿ ತೆಗೆಯುವಷ್ಟರಲ್ಲಿ ಎಲ್ಲರ ಬಟ್ಟೆಯೂ ಎಣ್ಣೆಮಯವಾಗಿತ್ತು. ಎಲ್ಲರಿಗಿಂತ ಹೆಚ್ಚು ನಕ್ಕವರು ಅವರೇ. ಮಾರನೆಯ ದಿನ ಅತ್ತೆಯ ಅಲ್ಯೂಮಿನಿಯಂ ಬಾಣಲೆ ಬಂತು. ಅಚ್ಚುಕಟ್ಟಿನ ಗೃಹಿಣಿಯಾದ ಆ ಅತ್ತೆ ಅದನ್ನು ಕೊಡುವಾಗ, ವಾರದಲ್ಲಿ ತಂದುಕೊಡಬೇಕೆಂದು ತಾಕೀತು ಮಾಡಿದ್ದರಂತೆ. ಆ ವಾರ ಮುಗಿಯಲೇ ಇಲ್ಲ.

ಇವತ್ತು ಏನು ಕರೀತಿದ್ದೀರಿ ಎಂದು ರೇಗಿಸುತ್ತಲೇ ಜನ ಅವರ ಪರೀಕ್ಷೆಗೆ ಒಗ್ಗಿಕೊಂಡರು. ತಿರಸ್ಕರಿಸಿದ ತುಂಡನ್ನು ಅವರು ಎಂದೂ ಮಾಡಿದವರ ಮುಂದೆ ಎಸೆದವರಲ್ಲ; ಕರೆದು ಕೂರಿಸಿ, ಚಹಾ ತರಿಸಿ, ಎಲ್ಲಿ ಹದ ತಪ್ಪಿತೆಂದು ಜೊತೆಯಲ್ಲೇ ಹುಡುಕುತ್ತಿದ್ದರು. ಬೈಸಿಕೊಳ್ಳಲು ಹೋದವರು ಕಲಿತು ಬರುತ್ತಿದ್ದರು.

ಅವರ ನಿಜವಾದ ಪರೀಕ್ಷೆ ನಡೆದದ್ದು ಡಿಸ್ಪ್ರೋಸಿಯಂ ಸಿಗದೆ ಹೋದ ವರ್ಷ. ಈ ಲೋಹವನ್ನು ಒಂದಿಷ್ಟು ಬೆರೆಸಿದರೆ ಅಯಸ್ಕಾಂತ ಬಿಸಿ ತಾಳುತ್ತದೆ. ವಿರಳ ಲೋಹಗಳು ಹೆಸರಿಗಿರುವಷ್ಟು ವಿರಳವೇನಲ್ಲ. ಆದರೆ ಮಣ್ಣಿನಿಂದ ತೆಗೆದು, ಒಂದರಿಂದ ಇನ್ನೊಂದನ್ನು ಬಿಡಿಸಿ, ಉಳಿದ ಕೊಳೆಯನ್ನೂ ಸಂಭಾಳಿಸುವ ಕೆಲಸಕ್ಕೆ ಕೈಹಾಕಿದವರು ಲೋಕದಲ್ಲಿ ಬೆರಳೆಣಿಕೆಯಷ್ಟು ಮಂದಿ. ಅವರಲ್ಲೊಬ್ಬರು ಬಾಗಿಲು ಹಾಕಿಕೊಂಡರೂ ಎಲ್ಲೆಲ್ಲಿಯೋ ಕುಲುಮೆಗಳು ಆರುತ್ತವೆ. ನಮ್ಮಲ್ಲಿಯೂ ಹಾಗೆಯೇ ಆಯಿತು. ಉಸಿರಾಟದ ಯಂತ್ರಗಳಿಗೆ ಅಯಸ್ಕಾಂತ ಒದಗಿಸುವ ದೊಡ್ಡ ಬೇಡಿಕೆ ಕೈಯಲ್ಲಿತ್ತು. ಆ ಲೋಹ ಬೆರೆಸದೆಯೇ ಮಾಡಿದ ತುಂಡುಗಳು ತಣ್ಣಗಿದ್ದಾಗ ಚೆನ್ನಾಗಿಯೇ ಹಿಡಿದವು, ಬಾಣಲೆಯಿಂದ ಎದ್ದಮೇಲೆ ಸೋತವು. ಯಜಮಾನರು ತಾವೇ ಪರೀಕ್ಷಾ ಕೋಣೆಗೆ ಬಂದರು.

“ತಣ್ಣಗಿರುವಾಗ ಸರಿಯಿದೆಯಲ್ಲ ಮೇಡಂ, ಅಷ್ಟೇ ಬರೆದು ಸಹಿ ಹಾಕಿ. ಇಲ್ಲದಿದ್ರೆ ಬಾಗಿಲು ಹಾಕಬೇಕಾಗುತ್ತೆ.”

“ಅದು ತಣ್ಣಗಿರೋದು ನಮ್ಮ ಪೆಟ್ಟಿಗೆಯಲ್ಲಿ ಇರೋವರೆಗೆ ಸರ್. ಆಮೇಲೆ ಅದು ಯಾರದೋ ಮೂಗಿನ ಪಕ್ಕ ತಿರುಗ್ತಿರುತ್ತೆ. ನಾನು ಹಾಕಲ್ಲ.”

ನಮ್ಮ ಎರಡು ಕುಲುಮೆಗಳಲ್ಲಿ ಒಂದು ಆರಿತು. ಪಾಳಿಗಳು ಅರ್ಧವಾದವು. ಕ್ಯಾಂಟೀನಿನಲ್ಲಿ ಮೇಡಂ ಕೂರುವ ಬೆಂಚು ಖಾಲಿಯಾಗತೊಡಗಿತು. ಅವರನ್ನು ಅಕ್ಕನಂತೆ ಕಂಡಿದ್ದ ಕುಲುಮೆ ಮೇಸ್ತ್ರಿಯೂ ಎದುರಾದಾಗ ಮುಖ ತಿರುಗಿಸಿದರು. ಇಷ್ಟು ಮನೆಗಳ ಒಲೆಯ ಮೇಲೆ ನೀರು ಸುರಿದದ್ದು ತಮ್ಮ ಪ್ರಾಮಾಣಿಕತೆಯೋ, ಬರಿಯ ಹಟವೋ ಎಂಬ ಸಂದೇಹ ಆ ದಿನಗಳಲ್ಲಿ ಅವರನ್ನೂ ಕಾಡಿತು. ಬಹಳ ನೊಂದುಕೊಂಡರು. ಸಹಿಯನ್ನು ಮಾತ್ರ ಹಾಕಲಿಲ್ಲ.

ಲೋಹವನ್ನು ಒಡಲೆಲ್ಲ ಬೆರೆಸುವ ಬದಲು ಹೊರಮೈಗೆ ತೆಳ್ಳಗೆ ಹಚ್ಚಿ ಕಾಯಿಸಿದರೆ, ಅದು ಕಣಗಳ ಅಂಚಿನಗುಂಟ ಒಳಗಿಳಿಯುತ್ತದೆ, ಚೂರುಪಾರಿನಲ್ಲೇ ಕೆಲಸವಾಗುತ್ತದೆ ಎಂದು ಅವರು ಓದಿದ್ದರು. ಬೇರೆ ಕಡೆ ಮಾಡಿ ತೋರಿಸಿದ್ದರೂ ನಮ್ಮ ಹಳೆಯ ಕುಲುಮೆಯಲ್ಲಿ ಅದನ್ನು ಸಾಧಿಸುವುದು ಹುಡುಗಾಟವಾಗಿರಲಿಲ್ಲ. ಬಾಟಲಿಯ ತಳದಲ್ಲಿ ಉಳಿದಿದ್ದ ಡಿಸ್ಪ್ರೋಸಿಯಂ ಪುಡಿಯಿಂದ ಶುರುಮಾಡಿದರು. ಮೊದಲ ಸಲ ಲೇಪ ಹಕ್ಕಳೆಯಂತೆ ಎದ್ದುಬಂತು. ಎರಡನೆಯ ಸಲ ತುಂಡುಗಳು ಒಂದಕ್ಕೊಂದು ಅಂಟಿ ಮುದ್ದೆಯಾದವು. ತುಂಡುಗಳನ್ನಿಟ್ಟು ಕಾಯಿಸುವ ತಟ್ಟೆಗಳ ಗತಿ ನೋಡಲಾರದೆ ಮೇಸ್ತ್ರಿ ಮೌನ ಮುರಿದು, ತಾವೇ ಜೋಡಿಸುವುದಾಗಿ ಗೊಣಗುತ್ತ ಬಂದು ನಿಂತರು. ಹಚ್ಚುವ ಹದ ಮೇಡಂದು, ಕಾಯಿಸುವ ಹದ ಮೇಸ್ತ್ರಿಯದು. ಹೀಗೆ ವಾರಗಟ್ಟಲೆ ಇಬ್ಬರೂ ಕುಲುಮೆಗೆ ಕಾವಲು ಕುಳಿತರು. ಕೊನೆಗೊಂದು ಮಧ್ಯಾಹ್ನ ಬಾಣಲೆಯಿಂದ ಎದ್ದ ತುಂಡು, ಅಳತೆಯ ಮುಳ್ಳನ್ನು ಮೊದಲಿನ ಗುರುತಿಗೇ ತಂದು ನಿಲ್ಲಿಸಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ.

“ಇನ್ನೊಂದ್ಸಲ ಕಾಯಿಸಿ ನೋಡಿ ಮೇಡಂ” ಎಂದವರು ಮೇಸ್ತ್ರಿ.

ಆ ಮಾತು ತಮಗೆ ಸಂದ ಯಾವ ಪ್ರಶಸ್ತಿಗಿಂತಲೂ ದೊಡ್ಡದೆಂದು ಮೇಡಂ ಈಗಲೂ ಹೇಳುತ್ತಾರೆ. ಎರಡನೆಯ ಸಲವೂ ಮುಳ್ಳು ಕದಲಲಿಲ್ಲ. ಅವರು ಸಹಿ ಹಾಕಿದರು, ಆರಿದ್ದ ಕುಲುಮೆಯೂ ಹೊತ್ತಿಕೊಂಡಿತು. ಆ ವಿಧಾನದ ಬಗ್ಗೆ ಪ್ರಕಟವಾದ ಪ್ರಬಂಧದಲ್ಲಿ ಮೇಸ್ತ್ರಿಯ ಹೆಸರು ಮೊದಲು, ಮೇಡಂ ಹೆಸರು ಆಮೇಲೆ.

ಎರಡು ವರ್ಷದ ಹಿಂದೆ ಅತ್ತೆಗೆ ಶ್ವಾಸಕೋಶದ ಸೋಂಕಾಗಿ ಉಸಿರಾಟದ ಯಂತ್ರ ಹಾಕಬೇಕಾಯಿತು. ಮಂಚದ ಪಕ್ಕ ನಿಂತ ಮೇಡಂ ಯಂತ್ರದ ಮೈಮೇಲೆ ಅಂಗೈಯಿಟ್ಟು ನೋಡಿದರು, ಬೆಚ್ಚಗಿತ್ತು. ಒಳಗಿನ ಅಯಸ್ಕಾಂತ ನಮ್ಮದೋ ಬೇರೆಯವರದೋ ತಿಳಿಯುವಂತಿರಲಿಲ್ಲ. ಯಾರದೇ ಇರಲಿ, ಎಲ್ಲೋ ಯಾರೋ ಅದನ್ನು ಬಿಸಿಮಾಡಿ ನೋಡಿಯೇ ಕಳಿಸಿರಲಿ ಎಂದು ಬೇಡಿಕೊಂಡು ಕುರ್ಚಿ ಎಳೆದು ಕೂತರು. ಅತ್ತೆ ಚೇತರಿಸಿಕೊಂಡು ಮನೆಗೆ ಬಂದರು. ಬಂದವರೇ ಬಾಣಲೆ ಎಲ್ಲಿ ಎಂದು ಕೇಳಿದರು.

ನಿವೃತ್ತಿಗೆ ಮುನ್ನ ಆ ಸಾಲ ತೀರಲೆಂದು ಮೊನ್ನೆ ನಾವೆಲ್ಲ ಅದನ್ನು ತಿಕ್ಕಿ ತೊಳೆದು, ಅತ್ತೆಯನ್ನು ಪರೀಕ್ಷಾ ಕೋಣೆಗೇ ಕರೆಸಿ, ಗೌರವದಿಂದ ಒಪ್ಪಿಸಿದೆವು. ಆ ಹಿರಿಯರು ಬಾಣಲೆಯನ್ನು ತಿರುಗಿಸಿ ಮುರುಗಿಸಿ ನೋಡಿದರು, ಸುಟ್ಟು ಕಪ್ಪಾಗಿದ್ದ ತಳವನ್ನು ಬೆರಳಿನಿಂದ ಉಜ್ಜಿದರು, ಸೊಸೆಯ ಮುಖವನ್ನೊಮ್ಮೆ ನೋಡಿದರು. ಆಮೇಲೆ ಮೇಡಂ ಜಾಗಕ್ಕೆ ಬರುತ್ತಿರುವ ಶಿಷ್ಯೆಯನ್ನು ಹತ್ತಿರ ಕರೆದು ಅದನ್ನು ಅವಳ ಕೈಗಿಟ್ಟರು.

“ವಾರದಲ್ಲಿ ತಂದುಕೊಡಮ್ಮ.”

ಆ ವಾರವೂ ಬೇಗ ಮುಗಿಯದಿರಲಿ. ಬಾಣಲೆ ಕೇಳುವ ನೆಪದಲ್ಲಿ ಅತ್ತೆಯೂ, ಕಲಿಸುವ ನೆಪದಲ್ಲಿ ಸೊಸೆಯೂ ಇನ್ನೂ ಬಹುಕಾಲ ಆರೋಗ್ಯದಿಂದ ನಮ್ಮ ಗೇಟು ದಾಟಿ ಒಳಗೆ ಬರುತ್ತಿರಲಿ.