ದೊಡ್ಡಮ್ಮ ಎರೆದ ಧಾರೆ

ಕೋಡಂಬಾಕ್ಕಂನ ಸ್ಟುಡಿಯೋದಲ್ಲಿ ಅಂದು ಮದುವೆ ದೃಶ್ಯದ ಚಿತ್ರೀಕರಣ. ನಿರ್ದೇಶಕರು, ವಧೂವರರ ವೇಷದಲ್ಲಿ ನಟ ನಟಿ, ಮಂಟಪಕ್ಕೆ ಬಣ್ಣ ಬಳಿದ ನಾನು, ಮದರಾಸು ನೋಡಲು ಉಡುಪಿಯಿಂದ ಬಂದಿದ್ದ ನನ್ನ ದೊಡ್ಡಮ್ಮ, ಎಲ್ಲರೂ ಇದ್ದೆವು. ಕ್ಯಾಮೆರಾ ಓಡತೊಡಗಿತು. ವರ ತಾಳಿ ಎತ್ತಿದ್ದೇ ತಡ, ದೊಡ್ಡಮ್ಮ ಮಂಟಪಕ್ಕೆ ನುಗ್ಗಿ ಅವನ ಕೈ ಹಿಡಿದರು.

"ನಿಲ್ಲಿ ಮಾರಾಯ್ರೆ! ಧಾರೆ ಎರೆಯದೆ ತಾಳಿ ಕಟ್ಟುದಾ? ಹುಡುಗಿಯ ಅಪ್ಪ ಅಮ್ಮ ಎಲ್ಲಿ?"

ನಾನು ಕೆಲಸಕ್ಕೆ ಸೇರಿ ತಿಂಗಳಾಗಿರಲಿಲ್ಲ. ಇವತ್ತಿಗೆ ನನ್ನ ಅನ್ನ ಹೋಯಿತು ಎಂದುಕೊಂಡೆ. ನಿರ್ದೇಶಕರು ತಲೆ ಹಿಡಿದುಕೊಂಡು, "ಅವರು ಕಥೆಯಲ್ಲೇ ಇಲ್ಲಮ್ಮಾ!" ಎಂದರು.

"ಅಯ್ಯೋ ಪಾಪ, ತಬ್ಬಲಿಯಾ? ಹಾಗಾದ್ರೆ ನಾನಿದ್ದೇನೆ. ಒಂದು ಚೊಂಬು ನೀರು ಕೊಡಿ."

ನಟಿ ಕಾಡಿಗೆ ಕರಗುವಷ್ಟು ನಕ್ಕು, "ಸಾರ್, ಇವರೇ ಎರೆಯಲಿ" ಎಂದಳು. ನಿರ್ದೇಶಕರೂ ನಕ್ಕುಬಿಟ್ಟರು. ದೊಡ್ಡಮ್ಮ ಧಾರೆ ಎರೆದ ಮೇಲೆಯೇ ನಟಿಯ ಕೊರಳಿಗೆ ತಾಳಿ ಬಿತ್ತು. ನನ್ನ ಕೆಲಸವೂ ಉಳಿಯಿತು.

ಅದೆಲ್ಲ ಬರೀ ಅಭಿನಯ ಎಂದು ನಾನು ಎಷ್ಟು ಹೇಳಿದರೂ ದೊಡ್ಡಮ್ಮ ಒಪ್ಪಲಿಲ್ಲ. ಮುಂದಿನ ತಿಂಗಳು ಊರಿನಿಂದ ಹಲಸಿನ ಹಪ್ಪಳದ ಡಬ್ಬಿ ಬಂತು. ಅರ್ಧ ನನಗೆ, ಅರ್ಧ ಮಗಳಿಗೆ. ಅಳಿಯ ಅವಳನ್ನು ಚೆನ್ನಾಗಿ ನೋಡಿಕೊಳ್ಳುತ್ತಾನೋ ವಿಚಾರಿಸಿ ಬರೆ ಎಂದು ಕಾಗದವಿತ್ತು. ನಟಿಗೆ ಹಪ್ಪಳ ತಲುಪಿಸಿ, ನೋಡಿಕೊಳ್ಳುತ್ತಾನೆ ಎಂದು ಬರೆದೆ.